ಬಾಗಿದ ನೆಕ್ಕಿನ ಹೊಸ ಸೊಪ್ರಾನೊ: ಬಂದ ದಿನ ನಾನು ಏನು ನೋಡುತ್ತೇನೆ?

(ಮೇಜಿನ ಮೇಲೆ ಎರಡು ನೆಕ್. ಒಂದು ನೇರ, ಒಂದು ಬಾಗಿದ್ದು. ಕ್ಯಾಮೆರಾ ತೀರಾ ಹತ್ತಿರ.)

ನಮಸ್ಕಾರ. ಈ ಎರಡು ಹಿತ್ತಾಳೆ ತುಂಡು ನೋಡಿ. ಒಂದೊಂದೂ ಹೆಚ್ಚುಕಮ್ಮಿ ನನ್ನ ತೋರುಬೆರಳಷ್ಟು ಉದ್ದ. ಎರಡೂ ಸೊಪ್ರಾನೊ ಸ್ಯಾಕ್ಸೋಫೋನಿನ ನೆಕ್. ಸೊಪ್ರಾನೊ ಅಂದರೆ ಎತ್ತರದ ದನಿಯ ಚಿಕ್ಕ ಸ್ಯಾಕ್ಸೋಫೋನ್. ಬಾಯಿಗಿಟ್ಟು ಊದುವ ಮೌತ್‌ಪೀಸ್ ಕೂರುವ ಮೇಲಿನ ಕೊಳವೆಯೇ ನೆಕ್. ಒಂದು ನೇರವಾಗಿದೆ, ಇನ್ನೊಂದು ಸ್ವಲ್ಪ ಬಾಗಿದೆ. ವ್ಯತ್ಯಾಸ ಇಷ್ಟೇ. ಆದರೂ ಬಾಗಿದ ನೆಕ್ ಇರುವ ಹೊಸ ಸೊಪ್ರಾನೊ ಬರುತ್ತಿದೆ ಅಂತ ಸುದ್ದಿ ಕೇಳಿದರೆ ಸಾಕು, ನಾನು ದಿನ ಎಣಿಸಲು ಶುರು ಮಾಡುತ್ತೇನೆ.

ಯಾಕೆ? ಉತ್ತರ ನನ್ನ ಬಲಗೈ ಹೆಬ್ಬೆರಳಲ್ಲಿದೆ.

(ನೇರ ಸೊಪ್ರಾನೊ ಹಿಡಿದು ತೋರಿಸುವುದು. ಹೆಬ್ಬೆರಳಿನ ಹುಕ್ ಮೇಲೆ ಕ್ಯಾಮೆರಾ.)

ನೇರ ಸೊಪ್ರಾನೊ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಕ್ಲಾರಿನೆಟ್ ಥರ ಕೆಳಗೆ ಇಳಿಬಿಟ್ಟು ಹಿಡಿದರೆ ಮೌತ್‌ಪೀಸ್ ಕೆಳಗಿನಿಂದ ಓರೆಯಾಗಿ ಬಾಯಿಗೆ ಬರುತ್ತದೆ. ಆಲ್ಟೊ, ಅಂದರೆ ಇದಕ್ಕಿಂತ ದೊಡ್ಡ ಸ್ಯಾಕ್ಸೋಫೋನ್ ನುಡಿಸಿ ಅಭ್ಯಾಸ ಆದವರಿಗೆ ಅದು ಒಗ್ಗುವುದಿಲ್ಲ. ಮೌತ್‌ಪೀಸ್ ಬಾಯಿಗೆ ನೆಟ್ಟಗೆ ಬರಬೇಕು ಅಂದರೆ ವಾದ್ಯವನ್ನು ಮುಂದಕ್ಕೆ ಎತ್ತಿ ಹಿಡಿಯಬೇಕು. ಎತ್ತಿದ ಕೂಡಲೇ ಭಾರವೆಲ್ಲ ಈ ಸಣ್ಣ ಹುಕ್ ಮೇಲೆ, ಅಂದರೆ ಹೆಬ್ಬೆರಳಿನ ಮೇಲೆ. ಅರ್ಧ ಗಂಟೆ ಆಲಾಪನೆ ಮಾಡಿ ನೋಡಿ. ಹೆಬ್ಬೆರಳಿನ ಬುಡ ಉರಿಯಲು ಶುರುವಾಗುತ್ತದೆ.

ನೆಕ್ ಬಾಗಿದ್ದರೆ ವಾದ್ಯ ಮೈಗೆ ಹತ್ತಿರ ಇಳಿಯುತ್ತದೆ. ಭಾರವನ್ನು ಕೊರಳಿನ ಸ್ಟ್ರಾಪ್ ತೆಗೆದುಕೊಳ್ಳುತ್ತದೆ. ಮೌತ್‌ಪೀಸ್ ಮಾತ್ರ ನೆಟ್ಟಗೆ ಬಾಯಿಗೆ ಬರುತ್ತದೆ. ನನಗೆ ಗಮಕಕ್ಕೆ ಇದೇ ಬೇಕು. ಸ್ವರವನ್ನು ಜಾರಿಸುವಾಗ ದವಡೆ ಸಲೀಸಾಗಿ ಆಡಬೇಕು, ಕೆಳತುಟಿ ರೀಡಿನ ಕೆಳಗೆ, ಅಂದರೆ ಮೌತ್‌ಪೀಸಿನಲ್ಲಿ ಕಂಪಿಸುವ ತೆಳು ಪಟ್ಟಿಯ ಕೆಳಗೆ, ಮೆತ್ತಗೆ ಕೂತಿರಬೇಕು.

ಹಾಗಂತ ಇದು ಹೊಸ ಯೋಚನೆ ಏನಲ್ಲ. ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. 1920ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಎಚ್. ಎನ್. ವೈಟ್ ಕಂಪನಿ 'ಸ್ಯಾಕ್ಸೆಲ್ಲೊ' ಅಂತ ಒಂದು ಸೊಪ್ರಾನೊ ಮಾಡಿತು. ಅದರ ನೆಕ್ ಬಾಗಿತ್ತು, ಬೆಲ್, ಅಂದರೆ ಕೆಳತುದಿಯ ಅಗಲ ಬಾಯಿ, ಮುಂದಕ್ಕೆ ತಿರುಗಿತ್ತು. ಆಮೇಲೆ ಜಾಜ್ ಕಲಾವಿದ ರೋಲಂಡ್ ಕರ್ಕ್ ಅಂಥದ್ದೇ ಒಂದನ್ನು ತನಗೆ ಬೇಕಾದ ಹಾಗೆ ಮಾರ್ಪಡಿಸಿ, 'ಮ್ಯಾಂಜೆಲ್ಲೊ' ಅಂತ ಕರೆದು ನುಡಿಸಿದರು. ಇವತ್ತು ಯಾನಾಗಿಸಾವಾ, ಸೆಲ್ಮರ್, ಯಮಾಹಾ ಕಂಪನಿಗಳ ಮಾಡೆಲ್‌ಗಳಲ್ಲಿ ಕೆಲವಕ್ಕೆ ನೇರದ್ದು, ಬಾಗಿದ್ದು ಎರಡೂ ನೆಕ್ ಜೊತೆಗೇ ಬರುತ್ತವೆ. ಯಮಾಹಾದಲ್ಲಿ ನೆಕ್ ಬಿಚ್ಚಲು ಬಾರದ, ಬಾಗಿದ ಸೊಪ್ರಾನೊ ಕೂಡ ಇದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬಾಗಿಸಿದರೆ ನಾದ ಬದಲಾಗುತ್ತದಾ?

ಬರೀ ಬಾಗಿದ್ದರಿಂದ ಬಹಳ ಕಮ್ಮಿ. 440 ಹರ್ಟ್ಸ್‌ನ ಸ್ವರ ತೆಗೆದುಕೊಳ್ಳಿ. ಗಾಳಿಯಲ್ಲಿ ಆ ಅಲೆಯ ಉದ್ದ ಸುಮಾರು 78 ಸೆಂಟಿಮೀಟರ್. ನೆಕ್ಕಿನ ತೂತು ಸುಮಾರು ಒಂದು ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಇಷ್ಟು ಸಣ್ಣ ತಿರುವು ದೊಡ್ಡ ಅಡ್ಡಿಯೇ ಅಲ್ಲ.

ಹಾಗಾದರೆ ಕೆಲವು ಬಾಗಿದ ನೆಕ್ ಯಾಕೆ ಅಪಶ್ರುತಿ ಹೇಳುತ್ತವೆ? ಬಾಗಿಸುವಾಗ ಒಳಗಿನ ಅಳತೆ ಕೆಟ್ಟರೆ ಹಾಗಾಗುತ್ತದೆ.

(ಕಾಗದದಲ್ಲಿ ಕಡಲೆಕಾಯಿ ಪೊಟ್ಟಣ ಸುತ್ತಿ ತೋರಿಸುವುದು.)

ಸ್ಯಾಕ್ಸೋಫೋನಿನ ಒಳಗು ಈ ಕಡಲೆಕಾಯಿ ಪೊಟ್ಟಣದ ಥರ. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಚೂಪು ತುದಿಯನ್ನು ಕತ್ತರಿಸಿ ಬಿಟ್ಟಿದ್ದಾರೆ. ಆ ಕತ್ತರಿಸಿದ ಜಾಗವನ್ನು ಮೌತ್‌ಪೀಸಿನ ಒಳಗಿನ ಗಾಳಿ ತುಂಬುತ್ತದೆ. ನೆಕ್ ಇರುವುದು ಅದರ ಪಕ್ಕದಲ್ಲೇ. ಬೆಲ್ ಹತ್ತಿರ ಒಂದು ಸಣ್ಣ ತಗ್ಗು ಬಿದ್ದರೆ ಗೊತ್ತೂ ಆಗುವುದಿಲ್ಲ. ಅಷ್ಟೇ ತಗ್ಗು ನೆಕ್ಕಿನಲ್ಲಿ ಬಿದ್ದರೆ ಮಧ್ಯ ಸ್ಥಾಯಿಗೂ ತಾರ ಸ್ಥಾಯಿಗೂ ಹೊಂದಾಣಿಕೆಯೇ ತಪ್ಪುತ್ತದೆ. ಸೊಪ್ರಾನೊ ಚಿಕ್ಕ ವಾದ್ಯ ಆದ್ದರಿಂದ ಈ ಕಾಟ ಜಾಸ್ತಿ. ಮೌತ್‌ಪೀಸನ್ನು ನೆಕ್ಕಿನ ತುದಿಗೆ ಸುತ್ತಿದ ಕಾರ್ಕಿನ ಮೇಲೆ ಒಂದು ಮಿಲಿಮೀಟರ್ ಸರಿಸಿದರೂ ಶ್ರುತಿ ಓಡುತ್ತದೆ.

ಎಲೆಕ್ಟ್ರಿಷಿಯನ್ ಪಿವಿಸಿ ಪೈಪ್ ಬಗ್ಗಿಸುವುದನ್ನು ನೋಡಿದ್ದೀರಾ? ಒಳಗೆ ಉದ್ದನೆಯ ಸ್ಪ್ರಿಂಗ್ ತೂರಿಸಿ ಆಮೇಲೆ ಬಗ್ಗಿಸುತ್ತಾರೆ. ಇಲ್ಲದಿದ್ದರೆ ತಿರುವಿನಲ್ಲಿ ಪೈಪ್ ಚಪ್ಪಟೆ ಆಗುತ್ತದೆ. ಹಿತ್ತಾಳೆಗೂ ಅದೇ ಕಥೆ. ಅದರಲ್ಲೂ ಇದು ಉದ್ದಕ್ಕೂ ಒಂದೇ ಅಗಲದ ಪೈಪ್ ಅಲ್ಲ, ಹೋಗುತ್ತಾ ಅಗಲ ಆಗುವ ಪೈಪ್. ಬಗ್ಗಿಸಿದ ಮೇಲೂ ಪ್ರತಿ ಜಾಗದಲ್ಲಿ ದುಂಡಗೆ ಇರಬೇಕು, ಸರಿಯಾದ ಅಳತೆಯಲ್ಲಿ ಅಗಲ ಆಗುತ್ತಾ ಹೋಗಬೇಕು. ಒಳ್ಳೆಯ ನೆಕ್ಕಿಗೆ ಕೊಡುವ ದುಡ್ಡು ಈ ಕೆಲಸಕ್ಕೆ. ನನ್ನ ಮಟ್ಟಿಗೆ ಅದು ಪೂರಾ ನ್ಯಾಯ.

(ನೆಕ್ ಬಿಚ್ಚಿ ಕೂಡಿಸುವ ಜಾಗ. ಸ್ಕ್ರೂ ತಿರುಗಿಸುವುದು.)

ಇನ್ನೊಂದು ಜಾಗ ನೋಡಿ, ಈ ಕೂಡುವ ಜಾಗ. ಆಲ್ಟೊದಲ್ಲಿ ಇಲ್ಲಿ ಧಾರಾಳ ಸ್ಥಳ ಇದೆ. ಸೊಪ್ರಾನೊದಲ್ಲಿ ತಾರ ಸ್ವರಗಳ ತೂತುಗಳು ನೆಕ್ಕಿನ ಬುಡಕ್ಕೇ ಬಂದು ನಿಲ್ಲುತ್ತವೆ. ಹಾಗಾಗಿ ನೆಕ್ ಒಳಗೆ ಕೂರುವ ಭಾಗ ಗಿಡ್ಡ. ಗಿಡ್ಡ ಅಂದರೆ ಅಲುಗಾಡುವ ಸಾಧ್ಯತೆ ಜಾಸ್ತಿ. ಅಲುಗಾಡಿದರೆ ಗಾಳಿ ಸೋರುತ್ತದೆ, ಮಂದ್ರ ಸ್ವರ ಬಾಯಿ ಬಿಡುವುದಿಲ್ಲ. ಒಮ್ಮೆ ನಾನು ತರಿಸಿದ ಒಂದು ಸೊಪ್ರಾನೊ ಹೀಗೇ ಆಗಿತ್ತು. ರೀಡ್ ಬದಲಿಸಿದೆ, ತೂತು ಮುಚ್ಚುವ ಪ್ಯಾಡ್ ಬದಲಿಸಿದೆ, ನನ್ನ ಉಸಿರಾಟವೇ ಸರಿ ಇಲ್ಲ ಅಂತ ಎರಡು ತಿಂಗಳು ಕೊರಗಿದೆ. ಕೊನೆಗೆ ನೋಡಿದರೆ ಸೋರುತ್ತಿದ್ದದ್ದು ಈ ಕೂಡು. ಅದಕ್ಕೇ ಈಗ ಹೊಸದು ಯಾವುದು ಬಂದರೂ ಮೊದಲು ನೆಕ್ ಕೂಡಿಸಿ, ಸ್ಕ್ರೂ ಬಿಗಿ ಮಾಡಿ, ಮೆಲ್ಲಗೆ ಅಲ್ಲಾಡಿಸಿ ನೋಡುತ್ತೇನೆ. ಕೂದಲೆಳೆಯಷ್ಟೂ ಅಲುಗಾಡಬಾರದು.

ಇನ್ನು ನಮ್ಮವರ ವಿಷಯ. ಮಂಗಳೂರು, ಉಡುಪಿ ಕಡೆಯವರಿಗೆ ಸ್ಯಾಕ್ಸೋಫೋನ್ ಪರದೇಶಿ ವಾದ್ಯ ಅನ್ನಿಸುವುದೇ ಇಲ್ಲ. ಮದುವೆ ಇರಲಿ, ದೇವಸ್ಥಾನದ ಉತ್ಸವ ಇರಲಿ, ಅದು ಇದ್ದೇ ಇರುತ್ತದೆ ಅಲ್ವಾ? ಇದಕ್ಕೆ ದೊಡ್ಡ ಕಾರಣ ಕದ್ರಿ ಗೋಪಾಲನಾಥ್. ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅವರ ಕೈಯಲ್ಲಿ ಇದ್ದದ್ದು ಆಲ್ಟೊ. ಸೊಪ್ರಾನೊ ಅದಕ್ಕಿಂತ ಒಂದು ಪಂಚಮ ಮೇಲೆ ನುಡಿಯುತ್ತದೆ.

ನಮ್ಮ ಕಛೇರಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ನಿಂತು ನುಡಿಸುವವರಿಗೆ ಮಾಡಿದ ವಿನ್ಯಾಸ ಇಲ್ಲಿ ಬೇರೆ ಥರ ವರ್ತಿಸುತ್ತದೆ. ನೆಕ್ ಬಾಗಿದ್ದರೆ ವಾದ್ಯ ನೆಟ್ಟಗೆ ಕೆಳಗಿಳಿಯುತ್ತದೆ, ಬೆಲ್ ಬಂದು ಮಡಚಿದ ಕಾಲಿನ ಹತ್ತಿರ ನಿಲ್ಲುತ್ತದೆ. ಮೇಲಿನ ಸ್ವರಗಳಿಗೆ ತೊಂದರೆ ಇಲ್ಲ, ಅವು ಪಕ್ಕದ ತೂತುಗಳಿಂದಲೇ ಹೊರಬರುತ್ತವೆ. ತೀರಾ ಕೆಳಗಿನ ಸ್ವರಕ್ಕೆ ಮಾತ್ರ ಬೆಲ್ಲೇ ಬಾಯಿ. ಅದರ ಮುಂದೆ ಪಂಚೆಯೋ ಸೀರೆಯ ನೆರಿಗೆಯೋ ಬಂದರೆ ದನಿ ಮಂಕಾಗುತ್ತದೆ. ಹಾಗಾಗಿ ನನಗೆ ಬೇಕಾದದ್ದು ಜೋರು ಬಾಗು ಅಲ್ಲ. ಹೆಬ್ಬೆರಳಿಗೆ ಬಿಡುವು ಸಿಗುವಷ್ಟು ಬಾಗಬೇಕು, ಬೆಲ್ ಕಾಲಿಗೆ ತಾಗದಷ್ಟು ಮುಂದಿರಬೇಕು. ಸ್ಯಾಕ್ಸೆಲ್ಲೊ ಥರ ಬೆಲ್ಲನ್ನೂ ಮುಂದಕ್ಕೆ ತಿರುಗಿಸಿದರೆ ನನಗೆ ಇನ್ನೂ ಖುಷಿ.

(ಚಾಪೆ ಹಾಸಿ ಕೂರುವುದು. ತಂಬೂರ ಶುರು.)

ವಾದ್ಯ ಕೈಗೆ ಬಂದ ದಿನ ನಾನು ಮಾಡುವುದು ಇಷ್ಟು. ಹೀಗೆ ಚಾಪೆ ಮೇಲೆ ಕೂತು, ತಂಬೂರ ಹಾಕಿಕೊಂಡು ಮಧ್ಯ ಸ್ಥಾಯಿಯ ಷಡ್ಜ ಊದುತ್ತೇನೆ. ತುಟಿ ಬದಲಿಸದೆ, ಸ್ಥಾಯಿ ಏರಿಸುವ ಆಕ್ಟೇವ್ ಕೀ ಒತ್ತಿ ತಾರ ಷಡ್ಜಕ್ಕೆ ಹೋಗುತ್ತೇನೆ. ಅದು ತಂಬೂರದ ಜೊತೆ ಬೆರೆತು ಮಾಯ ಆಗಬೇಕು. ಹೀಗೆ ಒಂದೊಂದೇ ಸ್ವರ ಹಿಡಿದು ಕೆಳಗೆ ಇಳಿಯುತ್ತೇನೆ. ಕೊನೆಯ ಸ್ವರವನ್ನು ಆದಷ್ಟು ಮೆಲ್ಲಗೆ ಊದುತ್ತೇನೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅನ್ನುವಷ್ಟು ಮೆಲ್ಲಗೆ. ಒದರದೆ, ನಡುಗದೆ ಆ ಸ್ವರ ಬಂದರೆ ಆ ಸೊಪ್ರಾನೊ ನನ್ನ ಮನೆಯಲ್ಲೇ ಉಳಿಯುತ್ತದೆ.