ಲಾರಿ ಹೊರಟ ತಾರೀಕು

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ಬ್ಯಾಲೆನ್ಸ್ ಶೀಟ್ ಬಗ್ಗೆ ಕೇಳೋಕೆ ಇಷ್ಟು ಜನ ಮಲ್ಲೇಶ್ವರಕ್ಕೆ ಬಂದಿದ್ದೀರಿ. ತುಂಬಾ ಸಂತೋಷ. ಮುಂದೆ ಬಿ.ಕಾಂ. ಓದುವ ಮಕ್ಕಳು ಕೂತಿದ್ದಾರೆ. ಹಿಂದೆ ರಿಟೈರ್ ಆದ ಹಿರಿಯರು, ಪಿಂಚಣಿ ದುಡ್ಡಿನಲ್ಲಿ ಸ್ವಲ್ಪ ಷೇರಿಗೆ ಹಾಕಿದವರು. ಇದು ಇಬ್ಬರಿಗೂ ಬೇಕಾದ ವಿಷಯ. ಕಂಪನಿಯ ಲೆಕ್ಕವನ್ನು ಆಡಿಟರ್ ನೋಡುತ್ತಾನೆ. ಅವನು ಸರಿಯಾಗಿ ನೋಡಿದನಾ ಅಂತ ಈಗ ಮೇಲಿನವರೂ ನೋಡುತ್ತಾರೆ. ಇದರಿಂದ ಏನೇನು ಬದಲಾಯಿತು ಅನ್ನುವುದನ್ನು, ಆಡಿಟರ್ ಆಗಿ ಈ ಕೆಲಸದ ಒಳಗಿದ್ದು ಕಂಡಷ್ಟು ಹೇಳುತ್ತೇನೆ.

2007ರಲ್ಲಿ ನಾನು ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಆಗುವ ಮೊದಲಿನ ತರಬೇತಿ, ಮಾಡುತ್ತಿದ್ದೆ. ಪೀಣ್ಯದ ಒಂದು ಕಾರ್ಖಾನೆಗೆ ಆಡಿಟ್‌ಗೆ ಹೋಗಿದ್ದೆವು. ಖಾತೆಯಲ್ಲಿ ಇಷ್ಟು ಹಣ ಇದೆ ಅಂತ ಬ್ಯಾಂಕೇ ಬರೆದುಕೊಡುವ ಪತ್ರ ಬೇಕಿತ್ತು. ಕ್ರಮ ಏನೆಂದರೆ, ಆ ಪತ್ರ ಬ್ಯಾಂಕಿನಿಂದ ನೇರವಾಗಿ ಆಡಿಟರ್ ಕೈಗೆ ಬರಬೇಕು. ಕಂಪನಿಯ ಅಕೌಂಟೆಂಟ್ ಒಳ್ಳೆಯವರು. "ನೀನ್ಯಾಕೆ ಬಿಸಿಲಲ್ಲಿ ಓಡಾಡ್ತೀಯಪ್ಪ, ನಾನೇ ತರಿಸಿಕೊಡ್ತೀನಿ" ಅಂದರು. ಸಂಜೆ ಕಾಫಿ ಜೊತೆಗೇ ಪತ್ರ ಬಂತು. ಸೀಲ್ ಇತ್ತು, ಸಹಿ ಇತ್ತು. ಪಂಚ್ ಮಾಡಿ ಫೈಲಿಗೆ ಸೇರಿಸಿದೆ. ಯಾರು ತಂದರು ಅಂತ ಯಾರೂ ಕೇಳಲಿಲ್ಲ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಂತು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಅವರೇ ಬರೆದಿದ್ದರು. ಎಫ್‌ಡಿ ರಸೀದಿಗಳೇ ನಕಲಿ. ಮಾರನೇ ದಿನ ನಮ್ಮ ಸರ್ ಆಫೀಸಿನ ಬೀರುವಿನಿಂದ ಹಳೇ ಫೈಲುಗಳನ್ನೆಲ್ಲ ಇಳಿಸಿದರು. ಒಂದೊಂದು ಬ್ಯಾಂಕ್ ಪತ್ರ ತೆಗೆದು "ಇದನ್ನ ಯಾರು ತಂದದ್ದು?" ಅಂತ ಕೇಳಿದರು. ನನ್ನ ಪೀಣ್ಯದ ಪತ್ರವೂ ಬಂತು. ಬ್ಯಾಂಕಿಗೆ ಫೋನ್ ಮಾಡಿದೆವು. ಪತ್ರ ಅಸಲಿಯೇ ಆಗಿತ್ತು. ನನಗೆ ಹೋದ ಜೀವ ಬಂದಂತಾಯಿತು. ಸರ್ ಹೇಳಿದ್ದು ಇಷ್ಟೇ: "ಅಸಲಿ ಅಂತ ನಮಗೆ ಗೊತ್ತಾಗಿದ್ದು ಇವತ್ತು. ನಾನು ಸಹಿ ಹಾಕಿದ್ದು ಯಾವತ್ತು?"

ಸತ್ಯಂ ಆದ ಮೇಲೆ ಕಾನೂನು ಬಿಗಿಯಾಯಿತು. 2013ರ ಕಂಪನಿ ಕಾಯ್ದೆ ಬಂತು. ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಯಲ್ಲಿ ಒಂದೇ ಆಡಿಟ್ ಸಂಸ್ಥೆ ಹತ್ತು ವರ್ಷಕ್ಕಿಂತ ಜಾಸ್ತಿ ಮುಂದುವರಿಯುವ ಹಾಗಿಲ್ಲ. ಒಂದು ಕೋಟಿ ಮತ್ತು ಅದಕ್ಕೂ ಮೇಲ್ಪಟ್ಟ ವಂಚನೆ ಕಣ್ಣಿಗೆ ಬಿದ್ದರೆ ಆಡಿಟರ್ ಕೇಂದ್ರ ಸರ್ಕಾರಕ್ಕೆ ತಿಳಿಸಲೇಬೇಕು. ಅದೇ ಕಾಯ್ದೆಯ 132ನೇ ಸೆಕ್ಷನ್ ಪ್ರಕಾರ 2018ರ ಅಕ್ಟೋಬರ್ 1ರಂದು ಎನ್‌ಎಫ್‌ಆರ್‌ಎ ಹುಟ್ಟಿತು, ಅಂದರೆ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ. ಲಿಸ್ಟ್ ಆದ ಕಂಪನಿಗಳು, ಲಿಸ್ಟ್ ಆಗದ ದೊಡ್ಡ ಕಂಪನಿಗಳು, ಇವುಗಳ ಆಡಿಟ್ ಫೈಲನ್ನು ಅದು ತರಿಸಿಕೊಂಡು ನೋಡಬಹುದು. ತಪ್ಪು ಕಂಡರೆ ಆಡಿಟರ್‌ಗೆ ಫೀಸಿನ ಐದು ಪಟ್ಟು, ಸಂಸ್ಥೆಗೆ ಹತ್ತು ಪಟ್ಟುವರೆಗೆ ದಂಡ. ಹತ್ತು ವರ್ಷದವರೆಗೆ ಕೆಲಸ ಮಾಡದಂತೆ ತಡೆಯಲೂಬಹುದು.

ಇಷ್ಟು ಕೇಳಿದರೆ ಬರೀ ಭಯದ ಮಾತು ಅನ್ನಿಸುತ್ತೆ, ಅಲ್ವಾ? ನನಗೆ ಕಂಡದ್ದು ಬೇರೆ. ಈ ತಪಾಸಣೆಯಿಂದ ಆಡಿಟರ್‌ಗೆ "ಆಗಲ್ಲ" ಅನ್ನುವ ಧೈರ್ಯ ಬಂದಿದೆ. ಕಂಪನಿಯ ಒಳಗೇ ಇರುವ ಒಳ್ಳೆಯವರಿಗೂ ಬಂದಿದೆ.

ಕೆಲವು ವರ್ಷದ ಹಿಂದಿನ ಮಾತು. ಬೊಮ್ಮಸಂದ್ರದಲ್ಲಿ ಕಾರ್ಖಾನೆ ಇರುವ ಒಂದು ಲಿಸ್ಟ್ ಆದ ಕಂಪನಿ. ಹೆಸರು ಬೇಡ. ವರ್ಷ ಮುಗಿದು 60 ದಿನದೊಳಗೆ ಫಲಿತಾಂಶ ಕೊಡಬೇಕು. ಮೇ 28, ರಾತ್ರಿ ಹನ್ನೊಂದು ಗಂಟೆ. ಎರಡು ಕೋಟಿ ಚಿಲ್ಲರೆಯ ಒಂದು ಬಿಲ್ಲು ಮಾರ್ಚ್ 31ರ ತಾರೀಕಿನಲ್ಲಿತ್ತು. ವರ್ಷದ ಕೊನೇ ದಿನ ದೊಡ್ಡ ಬಿಲ್ಲು ಬಂದರೆ ನಮಗೆ ಮೊದಲು ನೆನಪಾಗುವುದು ಗೇಟ್ ರಿಜಿಸ್ಟರ್. ಸೆಕ್ಯುರಿಟಿಯವರ ಹತ್ತಿರ ಇರುವ, ರಟ್ಟು ಕಿತ್ತುಹೋದ ಉದ್ದ ಪುಸ್ತಕ. ತರಿಸಿ ನೋಡಿದರೆ ಲಾರಿ ನಂಬರ್, ಡ್ರೈವರ್ ಸಹಿ, ಹೊರಟ ವೇಳೆ, ಎಲ್ಲ ಇದೆ. ತಾರೀಕು ಮಾತ್ರ ಏಪ್ರಿಲ್ 4. ಸರಕು ಸಾಗಿಸುವಾಗ ಮಾಡಿಸುವ ಇ-ವೇ ಬಿಲ್ಲಿನಲ್ಲೂ ಅದೇ. ಗಿರಾಕಿಯ ಕೈ ಸೇರಿದ ಮೇಲೇ ಮಾರಾಟ ಅಂತ ಅವರ ಒಪ್ಪಂದದಲ್ಲೇ ಇತ್ತು.

ಕಂಪನಿಯ ಹಣಕಾಸು ಮುಖ್ಯಸ್ಥರು, ಅಂದರೆ ಸಿಎಫ್‌ಒ, ಸುಸ್ತಾಗಿದ್ದರು. "ಸರ್, ನಾಲ್ಕು ದಿನ ತಾನೇ. ದುಡ್ಡಂತೂ ಬಂದೇ ಬರುತ್ತೆ" ಅಂದರು. ನಾನು ಜಗಳ ಆಡಲಿಲ್ಲ. ಗೇಟ್ ರಿಜಿಸ್ಟರಿನ ಆ ಪುಟದ ಫೋಟೊ ತೆಗೆದೆ. "ಇದು ನನ್ನ ಫೈಲಿಗೆ ಹೋಗುತ್ತೆ. ಮೂರು ವರ್ಷ ಬಿಟ್ಟು ದೆಹಲಿಯಿಂದ ಎನ್‌ಎಫ್‌ಆರ್‌ಎಯವರು ಕೇಳಿದರೆ, ಇದನ್ನ ನೋಡಿಯೂ ಯಾಕೆ ಬಿಟ್ಟೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಫೋಟೊ ತಮಗೂ ಕಳಿಸಲು ಹೇಳಿ, ಎಂಡಿ ಕೋಣೆಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ಎಂಟ್ರಿ ತೆಗೆಸಿದರು. ಆಮೇಲೆ ಲಿಫ್ಟಿನ ಹತ್ತಿರ ಅವರೇ ಹೇಳಿದರು: "ನಾನು ಮಾರ್ಚಿನಲ್ಲೇ ಬೇಡ ಅಂದಿದ್ದೆ ಸರ್. ನನ್ನ ಮಾತಿಗೆ ಬೆಲೆ ಇರಲಿಲ್ಲ."

ಆವತ್ತು ನನಗೆ ಗೊತ್ತಾಯಿತು, ಇದು ಆಡಿಟರ್ ಒಬ್ಬನ ಕಾವಲಲ್ಲ. ಕಂಪನಿ ಒಳಗೆ ಒಬ್ಬಂಟಿಯಾಗಿ ಬೇಡ ಅನ್ನುತ್ತಿದ್ದವರ ಬೆನ್ನಿಗೂ ಯಾರೋ ನಿಂತಂತಾಗಿದೆ.

ನಮ್ಮ ಊರಿನ ಎರಡು ಪ್ರಕರಣ ನಿಮಗೆಲ್ಲ ಗೊತ್ತು. ಬೈಜೂಸ್‌ನ 2020-21ರ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ. ತಡವಾಗಲು ಒಂದು ಮುಖ್ಯ ಕಾರಣ, ಆದಾಯವನ್ನು ಯಾವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಪ್ರಶ್ನೆ. ಕೋರ್ಸಿನ ದುಡ್ಡು ಇವತ್ತು ಬಂದಿರಬಹುದು, ಪಾಠ ಮುಂದಿನ ವರ್ಷಗಳಿಗೂ ಹರಡಿದ್ದರೆ ಆದಾಯವೂ ಹಾಗೇ ಹರಡಬೇಕು. ನನ್ನ ಲಾರಿಯ ಕಥೆಯೂ ಇದೇ ತಾನೇ? 2023ರ ಜೂನ್‌ನಲ್ಲಿ, ಮುಂದಿನ ವರ್ಷದ ಲೆಕ್ಕ ಇನ್ನೂ ಕೈಗೆ ಬಂದಿಲ್ಲ ಅಂತ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು.

ಇನ್ನೊಂದು ಕಾಫಿ ಡೇ. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಕಂಪನಿಗೆ ಹೋಗಿದೆ ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯಲ್ಲಿ 26 ಕೋಟಿ ದಂಡ ಹಾಕಿತು. ಅದೇ ವರ್ಷ ಎನ್‌ಎಫ್‌ಆರ್‌ಎ ಆ ಗುಂಪಿನ ಕಂಪನಿಗಳ ಆಡಿಟರ್‌ಗಳಿಗೂ ದಂಡ ವಿಧಿಸಿತು.

ರಾಜೀನಾಮೆ ಅಂದೆನಲ್ಲ, ಮೊದಲು ಅದೇ ಸುಲಭದ ದಾರಿಯಾಗಿತ್ತು. ಏನೋ ವಾಸನೆ ಹೊಡೆಯಿತು ಅಂದ ತಕ್ಷಣ "ಬೇರೆ ಕೆಲಸ ಜಾಸ್ತಿ" ಅಂತ ಎರಡು ಸಾಲು ಬರೆದು ಹೊರಟುಬಿಡುವುದು. ಷೇರುದಾರರಿಗೆ ಏನೂ ಗೊತ್ತಾಗುತ್ತಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಸೆಬಿ ಇದನ್ನು ಕಟ್ಟುಮಾಡಿತು. ಮಧ್ಯದಲ್ಲಿ ಬಿಡುವವರು ಆ ತ್ರೈಮಾಸಿಕದ ವರದಿ ಕೊಟ್ಟೇ ಹೋಗಬೇಕು, ಕಾರಣವನ್ನೂ ಬಿಡಿಸಿ ಹೇಳಬೇಕು. ರಾಜೀನಾಮೆ ಕೊಟ್ಟರೂ ಕಾನೂನು ಕ್ರಮದಿಂದ ಬಿಡುಗಡೆ ಇಲ್ಲ ಅಂತ ಐಎಲ್ ಆಂಡ್ ಎಫ್‌ಎಸ್ ಅನ್ನುವ ಹಣಕಾಸು ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿತು.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ಫೈಲು ದಪ್ಪ ಆಗಿದೆ. ಈಗಿನ ಆರ್ಟಿಕಲ್ ಮಕ್ಕಳು ಕಾರ್ಖಾನೆಗೆ ಹೋಗಿ ಸ್ಟಾಕ್ ಎಣಿಸುವುದಕ್ಕಿಂತ ಚೆಕ್‌ಲಿಸ್ಟ್ ತುಂಬುವುದರಲ್ಲೇ ಜಾಸ್ತಿ ಹೊತ್ತು ಕಳೆಯುತ್ತಾರೆ. ನೂರಿಪ್ಪತ್ತು ಪ್ರಶ್ನೆಗೆ "ಹೌದು, ಹೌದು" ಅಂತ ಗುರುತು ಹಾಕಿದರೆ ಗೇಟ್ ರಿಜಿಸ್ಟರ್ ಓದಿದಂತೆ ಆಗುವುದಿಲ್ಲ. ಜಯನಗರದಲ್ಲಿ, ಬಸವನಗುಡಿಯಲ್ಲಿ ಎರಡು ಕೋಣೆಯ ಆಫೀಸಿಟ್ಟು ನಿಯತ್ತಿನಿಂದ ಕೆಲಸ ಮಾಡುವ ನನ್ನ ಗೆಳೆಯರಿದ್ದಾರೆ. ಅವರಲ್ಲಿ ಕೆಲವರು ಲಿಸ್ಟ್ ಆದ ಕಂಪನಿಗಳ ಸಹವಾಸವೇ ಬೇಡ ಅಂತ ಬಿಟ್ಟುಬಿಟ್ಟರು. ಫೀಸು ಅಷ್ಟೇ, ಜವಾಬ್ದಾರಿ ಹತ್ತು ಪಟ್ಟು. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

ತಡ ಆಗುವುದು ಇದಕ್ಕಿಂತ ದೊಡ್ಡ ತೊಂದರೆ. ಸತ್ಯಂ ಆಡಿಟರ್‌ಗಳ ಮೇಲೆ ಸೆಬಿ ಆದೇಶ ಬಂದದ್ದು 2018ರ ಜನವರಿಯಲ್ಲಿ, ಒಂಬತ್ತು ವರ್ಷ ಬಿಟ್ಟು. ಅದರಲ್ಲಿದ್ದ ಎರಡು ವರ್ಷದ ನಿಷೇಧವನ್ನು ಮೇಲ್ಮನವಿ ನ್ಯಾಯಮಂಡಳಿ 2019ರಲ್ಲಿ ರದ್ದುಮಾಡಿತು. ಷೇರಿನಲ್ಲಿ ದುಡ್ಡು ಕಳೆದುಕೊಂಡವರಿಗೆ ಇದರಿಂದ ಏನು ಸಿಕ್ಕಿತು? ನೋಡುವುದಾದರೆ ಬೇಗ ನೋಡಬೇಕು. ನೆನಪು ಹಸಿಯಾಗಿದ್ದಾಗ, ಆ ಗೇಟಿನ ಸೆಕ್ಯುರಿಟಿಯವರು ಇನ್ನೂ ಕೆಲಸದಲ್ಲಿದ್ದಾಗ.

ಒಂದು ಒಳ್ಳೇ ಬದಲಾವಣೆ ಆಗಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕು. ಯಾವ ಎಂಟ್ರಿ ಯಾವಾಗ ತಿದ್ದಿದರು ಅನ್ನುವುದು ಅಲ್ಲೇ ಉಳಿಯುತ್ತದೆ, ಅದನ್ನು ಆಫ್ ಮಾಡುವ ಹಾಗಿಲ್ಲ. ಅದು ವರ್ಷವಿಡೀ ಚಾಲೂ ಇತ್ತಾ ಅಂತ ಆಡಿಟರ್ ತನ್ನ ವರದಿಯಲ್ಲಿ ಬರೆಯಬೇಕು.

ಬಾಗಿಲ ಹತ್ತಿರದ ಮೇಜಿನ ಮೇಲೆ ಆರು ಕಂಪನಿಗಳ ವಾರ್ಷಿಕ ವರದಿ ಇಟ್ಟಿದ್ದೇನೆ. ಬಣ್ಣದ ಫೋಟೊಗಳ ಪುಟ ದಾಟಿ ಹಿಂದಕ್ಕೆ ಹೋಗಿ. ಆಡಿಟರ್ ವರದಿ ಸಿಗುತ್ತದೆ. ಅದರ ಕೊನೇ ಭಾಗದಲ್ಲಿ ಎಡಿಟ್ ಲಾಗ್ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಅದರಲ್ಲಿ "ಹೊರತುಪಡಿಸಿ" ಅನ್ನುವ ಅರ್ಥದ ಮಾತು ಯಾವ ಕಂಪನಿಗೆ ಬಂದಿದೆ ಅಂತ ಹುಡುಕಿ. ಸಿಕ್ಕಿದರೆ ಆ ಪುಟ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ. ಕಾಫಿ ಕುಡಿಯುತ್ತಾ ಒಟ್ಟಿಗೆ ಓದೋಣ.