ಸೀರೆಯ ಹಿಂಬದಿಯಲ್ಲಿ ಒಂದು ಗಂಟು: ಪತ್ತೇದಾರಿ ಪಾತ್ರಕ್ಕೆ ಹವ್ಯಾಸ ಕೊಡುವುದು ಹೇಗೆ?

[ದೃಶ್ಯ: ಮೇಜಿನ ಮೇಲೆ ಕಪ್ಪು ಇಳಕಲ್ ಸೀರೆ. ಕ್ಯಾಮೆರಾ ಕಸೂತಿಯ ಗೋಪುರದ ಹತ್ತಿರಕ್ಕೆ ಬರುತ್ತದೆ. ಒಂದು ಕೈ ಬಟ್ಟೆಯನ್ನು ಮಗುಚುತ್ತದೆ.]

ನಮಸ್ಕಾರ. ಈ ಗೋಪುರವನ್ನು ನೋಡಿ. ಈಗ ಅದರ ಹಿಂಬದಿಯನ್ನು ನೋಡಿ. ಎರಡೂ ಕಡೆ ಒಂದೇ ಗೋಪುರ, ಎಲ್ಲಿಯೂ ಗಂಟಿಲ್ಲ. ಒಂದು ಕೊಲೆಯ ರಹಸ್ಯವನ್ನು ಬಿಡಿಸಲು ಇಷ್ಟು ಸಾಕು. ಹೇಗೆಂದು ಹೇಳುತ್ತೇನೆ.

ಪತ್ತೇದಾರಿ ಕಥೆಗೆ ಕೈ ಹಾಕಿದ ಹೊಸಬರು ಪಾತ್ರಕ್ಕೆ ಹವ್ಯಾಸ ಕೊಡುವುದು ಬಹುಮಟ್ಟಿಗೆ ಮದುವೆಯ ಬಯೋಡೇಟಾದಂತೆ ಇರುತ್ತದೆ. ಓದುವುದು, ಹಾಡು ಕೇಳುವುದು, ಪ್ರವಾಸ. ಮೂರನೆಯ ಪುಟಕ್ಕೆ ಅದು ಬರೆದವರಿಗೇ ಮರೆತುಹೋಗಿರುತ್ತದೆ. ನನ್ನ ಮಟ್ಟಿಗೆ ಹವ್ಯಾಸವೆಂದರೆ ಪಾತ್ರದ ಕಣ್ಣು. ಬೇರೆಯವರಿಗೆ ಕಾಣದ ಯಾವುದು ಇವರಿಗೆ ಮಾತ್ರ ಕಾಣುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಇಳಕಲ್ಲಿನ ಠಾಣೆಯೊಂದರಲ್ಲಿ ಶಿವಲೀಲಾ ಎಂಬ ಹೆಡ್ ಕಾನ್‌ಸ್ಟೆಬಲ್ ಇದ್ದಾರೆಂದು ಇಟ್ಟುಕೊಳ್ಳಿ. ಅಜ್ಜಿಯಿಂದ ಕಸೂತಿ ಕಲಿತವರು. ರಾತ್ರಿ ಪಾಳಿ ಇಲ್ಲದ ದಿನ ಊಟ ಮುಗಿಸಿ ಸೂಜಿ ಹಿಡಿಯುತ್ತಾರೆ.

[ದೃಶ್ಯ: ಬಿಳಿ ಬಟ್ಟೆಯ ಮೇಲೆ ಕೆಂಪು ದಾರ. ಸೂಜಿ ನಿಧಾನವಾಗಿ ಗವಂತಿ ಹಾಕುತ್ತಿದೆ.]

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ. ಬಿಟ್ಟ ಜಾಗವನ್ನು ಅದೇ ದಾರಿಯಲ್ಲಿ ಮರಳಿ ಬರುವಾಗ ತುಂಬುತ್ತದೆ. ಆದ್ದರಿಂದಲೇ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಹಿಂದಿರುಗಿ, ಬಿಟ್ಟುಹೋದದ್ದನ್ನು ತುಂಬುವ ಅಭ್ಯಾಸವಿರುವ ಹೆಂಗಸು ಸಾಕ್ಷಿಯ ಹೇಳಿಕೆಯನ್ನು ಹೇಗೆ ಕೇಳಬಹುದು ಎಂದು ಯೋಚಿಸಿ. ಅವರ ಸ್ವಭಾವವನ್ನು ನೀವು ಬೇರೆಯಾಗಿ ವರ್ಣಿಸುವ ಅಗತ್ಯವೇ ಬೀಳುವುದಿಲ್ಲ.

ಈಗ ಕೊಲೆ. ನೂಲಿನ ವ್ಯಾಪಾರಿಯೊಬ್ಬ ಸತ್ತಿದ್ದಾನೆ. ರಾತ್ರಿ ಹತ್ತರವರೆಗೆ ಒಬ್ಬಳೇ ಕೂತು ಈ ಗೋಪುರವನ್ನು ಮುಗಿಸಿದೆ ಎಂದು ಅವನ ಅತ್ತಿಗೆ ಹೇಳುತ್ತಾಳೆ. ಓಣಿಗೆಲ್ಲ ಕಸೂತಿ ಕಲಿಸಿದ ಕೈ ಅದು. ಇನ್ಸ್‌ಪೆಕ್ಟರು ಸೀರೆ ನೋಡಿ ತಲೆಯಾಡಿಸುತ್ತಾರೆ. ಶಿವಲೀಲಾ ಬಟ್ಟೆಯನ್ನು ಮಗುಚುತ್ತಾರೆ. ಕೆಳಗಿನ ಮೆಟ್ಟಿಲುಗಳೆಲ್ಲ ನಾಲ್ಕು ಎಳೆಯ ಲೆಕ್ಕದಲ್ಲಿವೆ. ಮೇಲಿನ ಎರಡು ಮಾತ್ರ ಐದು ಎಳೆ. ಅಲ್ಲಿ ದಾರ ಶುರುವಾಗುವ ಕಡೆ ಸಾಸಿವೆಯಷ್ಟು ಸಣ್ಣ ಗಂಟು. ಆ ಎರಡು ಮೆಟ್ಟಿಲುಗಳನ್ನು ಇನ್ನೂ ಕಲಿಯುತ್ತಿರುವ ಬೇರೊಂದು ಕೈ ಹೊಲಿದಿದೆ. ಹಾಗಾದರೆ ಆ ಹೊತ್ತಿನಲ್ಲಿ ಅತ್ತಿಗೆ ಎಲ್ಲಿದ್ದಳು?

ಇಲ್ಲೊಂದು ಎಚ್ಚರ ಬೇಕು. ಗಂಟು ಹಾಕಬಾರದೆಂಬ ನಿಯಮವನ್ನು ಓದುಗರಿಗೆ ಇದೇ ಪುಟದಲ್ಲಿ ಹೇಳಿದರೆ ಅದು ಮೋಸ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನ ಕಣ್ಣಿಗೂ ಬೀಳಬೇಕು ಎಂಬುದು ಅವುಗಳಲ್ಲೊಂದು. ಹಾಗಾಗಿ ಎರಡನೆಯ ಅಧ್ಯಾಯದಲ್ಲೇ ಬಾಲ್ಯದ ನೆನಪೊಂದು ಬರಲಿ. ಹುಡುಗಿ ಶಿವಲೀಲಾ ಕದ್ದು ಗಂಟು ಹಾಕಿದ್ದನ್ನು ಅಜ್ಜಿ ಬೆರಳು ಸವರಿ ಪತ್ತೆ ಮಾಡುತ್ತಾಳೆ, ಇಡೀ ತೇರನ್ನು ಬಿಚ್ಚಿಸುತ್ತಾಳೆ. ಓದುಗರು ಅದನ್ನು ಅಜ್ಜಿ ಮೊಮ್ಮಗಳ ಪ್ರೀತಿಯೆಂದು ಓದಿಕೊಂಡು ಮುಂದೆ ಹೋಗುತ್ತಾರೆ. ಸುಳಿವನ್ನು ಹುಗಿದಿಡಲು ವಾತ್ಸಲ್ಯಕ್ಕಿಂತ ಒಳ್ಳೆಯ ಜಾಗ ನನಗಂತೂ ಕಂಡಿಲ್ಲ.

[ದೃಶ್ಯ: ಗೋಡೆ ಗಡಿಯಾರ. ಪಕ್ಕದಲ್ಲಿ ಆರ್ಕಿಡ್ ಹೂವಿನ ಚಿತ್ರ.]

ಹವ್ಯಾಸಕ್ಕೆ ಹೊತ್ತುಗೊತ್ತೂ ಇರಬೇಕು. ರೆಕ್ಸ್ ಸ್ಟೌಟ್ ಕಾದಂಬರಿಗಳ ನೀರೋ ವುಲ್ಫ್ ಎಂಬ ಪತ್ತೇದಾರ 1934ರಲ್ಲಿ ಮೊದಲು ಕಾಣಿಸಿಕೊಂಡವನು. ನ್ಯೂಯಾರ್ಕಿನ ಮನೆಯ ಮಾಳಿಗೆಯ ಮೇಲೆ ಆರ್ಕಿಡ್ ಬೆಳೆಸುತ್ತಾನೆ. ಬೆಳಿಗ್ಗೆ 9ರಿಂದ 11, ಮಧ್ಯಾಹ್ನ 4ರಿಂದ 6 ಹೂಗಳಿಗೆ ಮೀಸಲು. ಬಂದವರು ಕಾಯಬೇಕು, ಸಹಾಯಕ ಸಂಭಾಳಿಸಬೇಕು. ಎಷ್ಟೋ ಸನ್ನಿವೇಶಗಳು ಈ ಕಾಯುವಿಕೆಯಿಂದಲೇ ಹುಟ್ಟುತ್ತವೆ.

ಅಪರಾಧಿಗೂ ಹವ್ಯಾಸ ಕೊಡಿ. ಬಾಗಲಕೋಟೆಯ ನವನಗರದ ಒಬ್ಬರು, ಮೇ ತಿಂಗಳ ಆ ಮುಂಜಾನೆ ತಾವು ಆಲಮಟ್ಟಿ ಹಿನ್ನೀರಿನಲ್ಲಿ ಹಕ್ಕಿ ನೋಡುತ್ತಿದ್ದುದಾಗಿ ಹೇಳಿ ದಿನಚರಿ ತೋರಿಸುತ್ತಾರೆ: ‘ಪಟ್ಟೆತಲೆ ಹೆಬ್ಬಾತು, 12’. ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳು ನಮ್ಮಲ್ಲಿ ಚಳಿಗಾಲದ ಅತಿಥಿಗಳು. ಮೇ ಬಿಸಿಲಿಗೆ ಅವು ಇಲ್ಲಿರುವುದಿಲ್ಲ. ನಿಜವಾದ ಪಕ್ಷಿವೀಕ್ಷಕರು ಇಂಥ ತಪ್ಪು ಮಾಡುವುದಿಲ್ಲ. ಆದ್ದರಿಂದ ಆ ಹವ್ಯಾಸವೇ ಸುಳ್ಳು, ಬೇರೆ ಯಾರದೋ ದಿನಚರಿಯಿಂದ ಕದ್ದದ್ದು.

ಹವ್ಯಾಸ, ಗೀಳು, ಚಟ ಎಂದು ನಮ್ಮಲ್ಲಿ ಮೂರು ಮಾತುಗಳಿವೆ. ಒಂದರಿಂದ ಇನ್ನೊಂದಕ್ಕೆ ಜಾರುವ ಗಳಿಗೆಯನ್ನು ಹುಡುಕಿ. ಅಪರೂಪದ ನಾಣ್ಯ ಕೂಡಿಡುವವನು ಹೆಂಡತಿಯ ಬೋರಮಾಳ ಸರವನ್ನು ಅಡವಿಟ್ಟ ದಿನ, ಕಥೆ ತಾನಾಗಿ ಶುರುವಾಗುತ್ತದೆ.

ಇಷ್ಟೆಲ್ಲ ತಂತ್ರವಾಯಿತು. ಆದರೆ ಶಿವಲೀಲಾ ನನಗೆ ಹತ್ತಿರವಾದದ್ದು ಗಂಟು ಹಿಡಿದಾಗ ಅಲ್ಲ. ಅವರಿಗೆ ಈಗ ಐವತ್ತೆರಡು. ಮಗಳ ಮದುವೆಗೆಂದು ಚಂದ್ರಕಾಳಿ ಸೀರೆಗೆ ಕಸೂತಿ ಹಿಡಿದಿದ್ದಾರೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಎಣಿಸಬೇಕು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಏಳನೆಯ ಎಳೆಗೆ ಲೆಕ್ಕ ತಪ್ಪುತ್ತದೆ. ಕನ್ನಡಕ ಬದಲಿಸಿದ್ದಾಗಿದೆ. ಯಾರಿಗೂ ಹೇಳಿಲ್ಲ. ಅತ್ತಿಗೆಯ ಮನೆಯಲ್ಲಿ ಆ ಸಣ್ಣ ಗಂಟನ್ನು ಅವರು ಕಂಡದ್ದು ಕಣ್ಣಿನಿಂದಲ್ಲ, ಅಜ್ಜಿಯಂತೆ ಬೆರಳು ಸವರಿ.

[ದೃಶ್ಯ: ಕಪ್ಪು ಸೀರೆಯ ಮೇಲೆ ನಿಧಾನವಾಗಿ ಚಲಿಸುವ ಬೆರಳು.]

ಕೊನೆಯ ಅಧ್ಯಾಯದಲ್ಲಿ ಆ ಸೀರೆಯನ್ನು ನಾನು ಪೂರ್ತಿ ಮಾಡಿಸಲಿಲ್ಲ. ಆರೋಪಪಟ್ಟಿ ಸಲ್ಲಿಸಿ ಮನೆಗೆ ಬಂದ ಶಿವಲೀಲಾ ಮಗಳನ್ನು ಕರೆದು, ಸೀರೆಯ ಒಂದು ತುದಿಯನ್ನು ಅವಳ ತೊಡೆಯ ಮೇಲೆ ಹರವಿ, “ನೀನು ಎಣಿಸು, ನಾನು ಹೊಲಿಯುತ್ತೇನೆ” ಎನ್ನುತ್ತಾರೆ.