ಭೂಮಿ ಮಾತ್ರ ಎಳೆಯುತ್ತಾ?

ನಮಸ್ಕಾರ. ಬೆಂಗಳೂರಿನ ಯಾವ ಶಾಲೆಯಲ್ಲಾದ್ರೂ ಗುರುತ್ವಾಕರ್ಷಣೆ ಅಂದ್ರೇನು ಅಂತ ಕೇಳಿ ನೋಡಿ. "ಭೂಮಿ ವಸ್ತುಗಳನ್ನು ತನ್ನ ಕಡೆ ಎಳೆಯುವ ಬಲ" ಅಂತ ಮಕ್ಕಳು ಒಂದೇ ಉಸಿರಿಗೆ ಹೇಳ್ತಾರೆ. ಈ ಉತ್ತರಕ್ಕೆ ಪೂರ್ತಿ ಅಂಕ ಕೊಡಬಾರದು ಅನ್ನೋದು ನನ್ನ ವಾದ.

ಯಾಕಂದ್ರೆ ಎಳೆತ ಎರಡೂ ಕಡೆಯಿಂದ ಇರುತ್ತೆ. ತೆಂಗಿನಕಾಯಿ ಬೀಳುವಾಗ ಭೂಮಿ ಅದನ್ನ ಎಷ್ಟು ಬಲದಿಂದ ಎಳೆಯುತ್ತೋ, ಕಾಯಿನೂ ಭೂಮಿಯನ್ನ ಅಷ್ಟೇ ಬಲದಿಂದ ಎಳೆಯುತ್ತೆ. ಭೂಮಿಯ ದ್ರವ್ಯರಾಶಿ ವಿಪರೀತ, ಹಾಗಾಗಿ ಅದು ಕದಲಿದ್ದು ಗೊತ್ತಾಗಲ್ಲ. ಒಂದು ಮೀಟರ್ ದೂರದಲ್ಲಿ ನಿಂತ 60 ಕೆಜಿಯ ಇಬ್ಬರು ಕೂಡ ಪರಸ್ಪರ ಎಳೀತಿರ್ತಾರೆ. ಲೆಕ್ಕ ಹಾಕಿದ್ರೆ, ಒಂದು ರಾಗಿ ಕಾಳಿನ ತೂಕದಲ್ಲಿ ಸುಮಾರು ನೂರನೇ ಒಂದು ಪಾಲು! ದೂರ ಎರಡರಷ್ಟಾದ್ರೆ ಅದೂ ಕಾಲು ಭಾಗಕ್ಕೆ ಇಳಿಯುತ್ತೆ.

ಇಷ್ಟು ಸಣ್ಣ ಬಲವನ್ನ ಅಳೆದವರಿದ್ದಾರೆ. ನ್ಯೂಟನ್ ನಿಯಮ ಪ್ರಕಟವಾಗಿದ್ದು 1687ರಲ್ಲಿ. ನೂರು ವರ್ಷ ಕಳೆದ ಮೇಲೆ, 1798ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ತನ್ನ ಪ್ರಯೋಗದ ಫಲಿತಾಂಶ ಪ್ರಕಟಿಸಿದ. ಮರದ ಕೋಲಿನ ಎರಡು ತುದಿಗೆ ಸಣ್ಣ ಸೀಸದ ಗುಂಡು ಕಟ್ಟಿ, ತಂತಿಯಲ್ಲಿ ತೂಗುಬಿಟ್ಟು, ಪಕ್ಕಕ್ಕೆ ತಲಾ 158 ಕೆಜಿಯ ದೊಡ್ಡ ಗುಂಡುಗಳನ್ನ ತಂದ. ತಂತಿ ಒಂಚೂರು ತಿರುಚಿಕೊಳ್ತು. ಮೈಬಿಸಿಗೆ ಗಾಳಿ ಅಲುಗಿದ್ರೂ ಅಳತೆ ಕೆಡುತ್ತೆ ಅಂತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದ. ಅಷ್ಟರಿಂದಲೇ ಭೂಮಿಯ ಸಾಂದ್ರತೆ ನೀರಿನ 5.48ರಷ್ಟು ಅಂತ ಲೆಕ್ಕ ತೆಗೆದ. ಇವತ್ತಿನ ಅಳತೆ 5.51! ಸೂತ್ರ ಬಾಯಿಪಾಠ ಮಾಡಿಸೋ ಮೊದಲು ಮಕ್ಕಳಿಗೆ ಈ ಕಥೆ ಹೇಳಿ ಅಂತ ಮೇಷ್ಟ್ರುಗಳನ್ನ, ಮೇಡಂಗಳನ್ನ ಕೈಮುಗಿದು ಕೇಳ್ತೀನಿ. ಸೀಸದ ಗುಂಡು ಗುಂಡನ್ನ ಎಳೆಯೋದನ್ನ ಒಮ್ಮೆ ಕಣ್ಣಮುಂದೆ ತಂದುಕೊಂಡ ಮಗು, ಎಳೆಯೋದು ಭೂಮಿ ಮಾತ್ರ ಅಂತ ಬರೆಯಲ್ಲ.

ಇನ್ನೊಂದು ಗುಣ. ವಿದ್ಯುತ್ತಿನಲ್ಲಿ ಧನ, ಋಣ ಸೇರಿ ರದ್ದಾಗುತ್ತೆ. ಗುರುತ್ವದಲ್ಲಿ ವಿಕರ್ಷಣೆಯೇ ಇಲ್ಲ, ಅಡ್ಡ ಗೋಡೆ ಕಟ್ಟಿ ತಡೆಯೋಕೂ ಆಗಲ್ಲ. ಕೂಡ್ತಾ ಕೂಡ್ತಾ ಹೋಗುತ್ತೆ, ಅದಕ್ಕೇ ಈ ದುರ್ಬಲ ಬಲ ಗ್ರಹ, ನಕ್ಷತ್ರಗಳನ್ನ ಹಿಡಿದಿಟ್ಟಿದೆ.

ಇದೇ ಲೆಕ್ಕದ ಮೇಲೆ ನಮ್ಮ ಪೀಣ್ಯದ ಇಸ್ಟ್ರಾಕ್‌ನವರು (ನೌಕೆಗಳ ಜಾಡು ಹಿಡಿದು ನಿಯಂತ್ರಿಸೋ ಇಸ್ರೋ ಕೇಂದ್ರ) ಸೂರ್ಯನನ್ನ ಗಮನಿಸೋ ಆದಿತ್ಯ ಎಲ್1 ನೌಕೆಯನ್ನ ನೋಡ್ಕೊಳ್ತಿದ್ದಾರೆ. 2024ರ ಜನವರಿ 6ರಂದು ಅದು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಕಕ್ಷೆ ಸೇರ್ತು. ಸೂರ್ಯನಿಗೆ ಹತ್ತಿರ ಇರೋದು ಭೂಮಿಗಿಂತ ಬೇಗ ಸುತ್ತಬೇಕು. ಆದ್ರೆ ಅಲ್ಲಿ ಭೂಮಿ ಹಿಂದಕ್ಕೆ ಎಳೆದು ಸೂರ್ಯನ ಎಳೆತವನ್ನ ಸ್ವಲ್ಪ ತಗ್ಗಿಸುತ್ತೆ. ಹಾಗಾಗಿ ನೌಕೆ ಭೂಮಿಯ ಜೊತೆಜೊತೆಗೇ ವರ್ಷಕ್ಕೊಂದು ಸುತ್ತು ಹಾಕುತ್ತೆ.